ಮಾವನವರ ಎಡಗೈ ಮತ್ತು ಪವರ್ ವಿಂಡೋ

ಕಕ್ಕಡ ತಿಂಗಳ ಮಳೆಯಲ್ಲಿ ಎ.ಸಿ. ಹಾಕಿಕೊಂಡು, ಎಡಗಡೆಯ ಕಿಟಕಿಗೆ ಗೊಬ್ಬರ ಚೀಲದ ಪ್ಲಾಸ್ಟಿಕ್ ಅಂಟಿಸಿಕೊಂಡು ಓಡಾಡುವ ಕಾರು ಇಡೀ ಕೊಡಗಿನಲ್ಲಿ ಸದ್ಯಕ್ಕೆ ನಮ್ಮದೊಂದೇ ಇರಬೇಕು. ಬಾಗಿಲಿನೊಳಗೆ ಇಳಿದ ಗಾಜು ಮೇಲೇರಲು ಒಪ್ಪುತ್ತಿಲ್ಲ. ಸ್ವಿಚ್ಚಿಗೆ ನೀರು ಹೋಗಿದೆ ಎಂದು ಮೆಕ್ಯಾನಿಕ್ ಹೇಳುತ್ತಾನೆ. ನೀರು ಹೋದದ್ದು ಹೇಗೆ ಎಂಬುದು ಮನೆಯವರಿಗೆಲ್ಲ ಗೊತ್ತಿದ್ದರೂ ಮಾವನವರ ಎದುರು ಯಾರೂ ಬಾಯಿ ಬಿಡುವುದಿಲ್ಲ.

ಕಾರು 1974ರ ಪ್ರೀಮಿಯರ್ ಪದ್ಮಿನಿ. ಬೆಳೆಗಾರರ ಕಾಫಿಯನ್ನೆಲ್ಲ ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಮಂಡಳಿಯಿಂದ ಪೂಲ್ ಹಣ ಕಂತು ಕಂತಾಗಿ ಬರುತ್ತಿದ್ದ ಆ ಕಾಲದಲ್ಲಿ ಮಾವನವರ ತಂದೆ ಅದನ್ನು ಬುಕ್ ಮಾಡಿ, ವರ್ಷಗಟ್ಟಲೆ ಕಾದು ತಂದಿದ್ದರು. ಇಟಲಿಯ ಫಿಯೆಟ್ 1100 ಗಾಡಿಯನ್ನೇ ಮುಂಬೈಯ ಕುರ್ಲಾದಲ್ಲಿ ಆ ಹೆಸರಿನಿಂದ ತಯಾರಿಸುತ್ತಿದ್ದುದರಿಂದ ನಮ್ಮ ಮನೆಯಲ್ಲಿ ಅದು ಇಂದಿಗೂ ಫಿಯೆಟ್ಟೇ. 2023ರ ಅಕ್ಟೋಬರಿನಲ್ಲಿ ಮುಂಬೈಯ ರಸ್ತೆಯಿಂದ ಪದ್ಮಿನಿ ಟ್ಯಾಕ್ಸಿಗಳು ಮರೆಯಾದ ಸುದ್ದಿಯನ್ನು ಓದಿದ ದಿನ ಮಾವ ರಾತ್ರಿಯ ಊಟ ಬಿಟ್ಟರು. ಕಾಳುಮೆಣಸಿನ ಚೀಲಗಳ ಹಿಂದೆ ಬೂಷ್ಟು ಹಿಡಿದು ನಿಂತಿದ್ದ ನಮ್ಮದನ್ನು ನಾನು ಅದೇ ವಾರ ಶೆಡ್ಡಿನಿಂದ ಹೊರಗೆಳೆಸಿದೆ.

ತಳದ ತಗಡು ತುಕ್ಕು ತಿಂದು, ಕುಳಿತಲ್ಲಿಂದಲೇ ನೆಲ ಕಾಣುತ್ತಿತ್ತು. ಅದನ್ನು ಬೆಸುಗೆ ಹಾಕಿಸಿದ ಕಥೆ ಇಲ್ಲಿ ಬೇಡ. ಆಧುನೀಕರಣದ ಮೊದಲ ಹಂತದ ಬಗ್ಗೆಯೂ ನನಗೆ ತಕರಾರಿಲ್ಲ. ನಾಲ್ಕು ಚಕ್ರಗಳ ಡ್ರಮ್ ಬ್ರೇಕುಗಳೂ ನೀರು ಹೊಕ್ಕ ಮೇಲೆ ಹಿಡಿಯುವುದೋ ಬೇಡವೋ ಎಂದು ಆಲೋಚಿಸುತ್ತಿದ್ದುದರಿಂದ ಮುಂದಿನ ಚಕ್ರಗಳಿಗೆ ಡಿಸ್ಕ್ ಬಂತು. ಥಂಡಿಯಲ್ಲಿ ಕಿಡಿ ಕೊಡದ ಪಾಯಿಂಟುಗಳ ಬದಲಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಬಂತು. ಹಿಂದೆ ಬೇಸಿಗೆಯಲ್ಲಿ ಸಂಪಾಜೆ ಘಾಟಿ ಹತ್ತುವಾಗ ಎಂಜಿನ್ನಿನ ಕಾವಿಗೆ ಪೆಟ್ರೋಲ್ ಪಂಪಿನಲ್ಲೇ ಆವಿಯಾಗಿ ಗಾಡಿ ನಿಂತುಬಿಡುತ್ತಿತ್ತು. ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಮರದ ನೆರಳಿನಲ್ಲಿ ಕಿತ್ತಳೆ ಸುಲಿಯುತ್ತ ಕೂರಬೇಕಾಗುತ್ತಿತ್ತು. ಈಗ ಎಂಜಿನ್ನಿನಿಂದ ದೂರದಲ್ಲಿ ಎಲೆಕ್ಟ್ರಿಕ್ ಪಂಪು ಕೂತಿದೆ. ಇಷ್ಟಕ್ಕೆ ನಿಲ್ಲಿಸಿದ್ದರೆ ಮೆಕ್ಯಾನಿಕ್ ನನ್ನ ಪಾಲಿಗೆ ದೇವರಾಗಿರುತ್ತಿದ್ದ.

ಆದರೆ ಅವನಿಗೆ ಹುರುಪು ಬಂದಿತ್ತು. ಎ.ಸಿ. ಹಾಕಿದ, ಅದನ್ನು ಚಾಲೂ ಮಾಡಿದರೆ 1,089 ಸಿ.ಸಿ.ಯ ಆ ಎಂಜಿನ್ ಏರಿನಲ್ಲಿ ಮರದ ಲಾರಿಗೂ ದಾರಿ ಬಿಟ್ಟುಕೊಡುತ್ತದೆ. ಹಿಂದಕ್ಕೆ ಕ್ಯಾಮೆರಾ ಹಾಕಿದ. ಜೂನ್‌ನಿಂದ ಅದರಲ್ಲಿ ಒಂದು ನೀರಹನಿ ಮಾತ್ರ ಸ್ಪಷ್ಟವಾಗಿ ಕಾಣುತ್ತಿದೆ. ಕೊನೆಗೆ ಪವರ್ ವಿಂಡೋ ಹಾಕುವ ನೆಪದಲ್ಲಿ ಮುಂದಿನ ಬಾಗಿಲುಗಳ ಮೂಲೆಯಲ್ಲಿದ್ದ ತ್ರಿಕೋನಾಕಾರದ ಪುಟ್ಟ ಗಾಜುಗಳನ್ನು ಕಿತ್ತು, ಇಡೀ ಕಿಟಕಿಗೆ ಒಂದೇ ಗಾಜು ಕೂರಿಸಿ, "ಈಗ ನೋಡಿ ಸಾರ್, ಫಾರಿನ್ ಲುಕ್ಕು" ಎಂದ. ಆ ಮೂಲೆಗಾಜನ್ನು ಎರಡು ಬೆರಳಿನಷ್ಟು ತಿರುಗಿಸಿಟ್ಟರೆ ಮಳೆ ಒಳಗೆ ಬಾರದೆ ಗಾಳಿ ಮಾತ್ರ ಬಂದು, ಮುಂದಿನ ಗಾಜಿಗೆ ಕವಿದ ಮಂಜು ತಾನಾಗಿ ಬಿಡುತ್ತಿತ್ತು. ಈಗ ಅದೇ ಕೆಲಸಕ್ಕೆ ಎ.ಸಿ. ಬೇಕು.

ಇನ್ನು ಮಾವನವರ ಎಡಗೈ. ಇಂಡಿಕೇಟರ್‌ಗಳ ಮೇಲೆ ಅವರಿಗೆ ಎಂದೂ ನಂಬಿಕೆಯಿಲ್ಲ. ಕಣ್ಣು ಕುಕ್ಕುವ ಎಲ್.ಇ.ಡಿ. ಬಂದ ಮೇಲಂತೂ ಇಲ್ಲವೇ ಇಲ್ಲ. ಕಣ್ಣಿನ ಆಪರೇಷನ್ ಆದಂದಿನಿಂದ ಸ್ಟೀರಿಂಗ್ ನನ್ನ ಕೈಗೆ ಬಂದಿದ್ದರೂ, ಸಿಗ್ನಲ್ ಕೊಡುವ ಜವಾಬ್ದಾರಿಯನ್ನು ಅವರು ಬಿಟ್ಟುಕೊಟ್ಟಿಲ್ಲ. ಚಾಲಕ ಬಲಗೈಯಿಂದ ತೋರಿಸಬೇಕಾದ ಸನ್ನೆಗಳನ್ನೆಲ್ಲ ಎಡಗಡೆಯ ಸೀಟಿನಲ್ಲಿ ಕುಳಿತು, ಕಿಟಕಿ ಇಳಿಸಿ, ಎಡಗೈಯಿಂದ ತೋರಿಸುತ್ತಾರೆ. ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ರಸ್ತೆಯಲ್ಲಿ ತಿರುವು ಬಿಟ್ಟು ಬೇರೇನಿದೆ? ಎಡ ತಿರುವಿಗೆ ಕೈ ನೀಟಾಗಿ ಹೊರಚಾಚುತ್ತದೆ. ಬಲ ತಿರುವಿಗೆ ಗಾಳಿಯಲ್ಲಿ ವೃತ್ತ ಬರೆಯುತ್ತದೆ. ಇಳಿಜಾರಿನಲ್ಲಿ "ನಿಧಾನ" ಎಂದು ಮೇಲೆ ಕೆಳಗೆ ಆಡುತ್ತದೆ. ಬೆಂಗಳೂರಿನ ಪ್ರವಾಸಿಗರು ಅದನ್ನು ಮುಂದೆ ಹೋಗಲು ಕೊಟ್ಟ ಅನುಮತಿಯೆಂದು ತಿಳಿದು ತಿರುವಿನಲ್ಲೇ ನುಗ್ಗುತ್ತಾರೆ. ಶಾಲೆಯ ಮಕ್ಕಳು ತಿರುಗಿ ಟಾಟಾ ಮಾಡುತ್ತಾರೆ. ಅಂಗಿಯ ತೋಳಿನಿಂದ ಇಳಿಯುವ ನೀರು ನೇರವಾಗಿ ಬಾಗಿಲಿನ ಸ್ವಿಚ್ಚಿಗೆ ಹೋಗುತ್ತದೆ.

ಗಾಜು ಕೆಳಗೇ ಉಳಿದ ದಿನ ಮೂರ್ನಾಡಿನಲ್ಲಿ ಅವರು "ನಿಧಾನ" ತೋರಿಸಿದ್ದೇ ತಡ, ಬಸ್ಸಿಗೆ ಕಾದಿದ್ದ ಅಜ್ಜಿಯೊಬ್ಬರು ತಮ್ಮನ್ನೇ ಕರೆದರೆಂದುಕೊಂಡು, ಕೊಡೆ ಮಡಚಿ, ಹಿಂದಿನ ಬಾಗಿಲು ತೆರೆದು, ಸಂತೆ ಚೀಲದ ಸಮೇತ ಒಳಗೆ ಕುಳಿತುಬಿಟ್ಟರು. ಇಳಿಯಿರಿ ಎನ್ನಲು ನನಗೆ ಬಾಯಿ ಬರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅವರು ಮುಂದಕ್ಕೆ ಬಾಗಿ ಮಾವನವರ ಬಾಗಿಲನ್ನು ದಿಟ್ಟಿಸಿದರು.

"ಇಲ್ಲೊಂದು ಸಣ್ಣ ಗಾಜು ಇತ್ತಲ್ಲ?"

ಮದುವೆಯಾದ ದಿನ ಅವರು ಗಂಡನ ಮನೆಗೆ ಬಂದದ್ದು ಇದೇ ಗಾಡಿಯಲ್ಲಂತೆ. ದಾರಿಯುದ್ದಕ್ಕೂ ವಾಂತಿ ಬರುವಂತಾಗಿ, ಆ ಗಾಜಿನಿಂದ ಮುಖಕ್ಕೆ ಬೀಸಿದ ಗಾಳಿಯಿಂದಲೇ ಸೀರೆ ಉಳಿಯಿತಂತೆ. ಓಡಿಸಿದ ಹುಡುಗ ಅದನ್ನು ಮತ್ತೆ ಮತ್ತೆ ತಿರುಗಿಸಿ ಸರಿಮಾಡಿ ಕೊಡುತ್ತಿದ್ದನಂತೆ. ಮಾವ ಏನೂ ಹೇಳಲಿಲ್ಲ. ಅದಾದ ಮೇಲೆ ಒಂದಷ್ಟು ತಿರುವುಗಳಿಗೆ ಅವರ ಕೈ ಹೊರಗೆ ಹೋಗಲೂ ಇಲ್ಲ.

ಆ ಸಂಜೆಯಿಂದ ಮೂಲೆಗಾಜು ಬೇಕೇ ಬೇಕೆಂಬ ಹಟ ಶುರುವಾಯಿತು. ಅದಕ್ಕೆ ಮಾವ ಸರಕಾರದ ನಿಯಮವನ್ನೂ ಜೋಡಿಸಿಕೊಂಡರು. 50 ವರ್ಷ ದಾಟಿದ ವಾಹನಕ್ಕೆ 2021ರ ನಿಯಮದಂತೆ 20,000 ರೂಪಾಯಿ ಕಟ್ಟಿ ವಿಂಟೇಜ್ ನೋಂದಣಿ ಮಾಡಿಸಬಹುದು, ‘ವಿಎ’ ಅಕ್ಷರಗಳಿರುವ ನಂಬರ್ ಪ್ಲೇಟೂ ಸಿಗುತ್ತದೆ. ಆದರೆ ಗಾಡಿ ಮೂಲರೂಪದಲ್ಲೇ ಇರಬೇಕು. ಅಂಥ ಗಾಡಿಯನ್ನು ದಿನವೂ ಓಡಿಸುವಂತಿಲ್ಲ, ಪ್ರದರ್ಶನಕ್ಕೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲು ಹೋಗಬಹುದಷ್ಟೇ ಎಂದು ನಾನು ಓದಿ ಹೇಳಿದೆ. "ಪೆಟ್ರೋಲ್ ಬಂಕ್ ವಿರಾಜಪೇಟೆಯಲ್ಲೂ ಇದೆ" ಎಂದರು ಮಾವ.

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿಗೆಲ್ಲ ಫೋನು ಮಾಡಿ ಸುಸ್ತಾದ ಮೇಲೆ, ಮೊನ್ನೆ ಮೆಕ್ಯಾನಿಕ್‌ನ ಗ್ಯಾರೇಜಿಗೇ ಹೋದೆ. ಹಳೆಯ ಗಾಜು ಬಿಸಾಡಿಬಿಟ್ಟೆಯಾ ಎಂದು ಕೇಳಿದ್ದಕ್ಕೆ ಅವನು ಬಹಳ ನೊಂದುಕೊಂಡು, "ಒರಿಜಿನಲ್ ಪೀಸ್ ಯಾರಾದರೂ ಬಿಸಾಡುತ್ತಾರೆಯೇ ಸಾರ್?" ಎನ್ನುತ್ತ ಹಿತ್ತಲಿಗೆ ಕರೆದೊಯ್ದ. ಎರಡು ಮೂಲೆಗಾಜುಗಳೂ ಕ್ರೋಮ್ ಚೌಕಟ್ಟಿನ ಸಮೇತ ಬಚ್ಚಲುಮನೆಯ ಗೋಡೆಯಲ್ಲಿ ಸಿಮೆಂಟು ಹಿಡಿದು ಕುಳಿತಿದ್ದವು. ಒಂದನ್ನು ತಿರುಗಿಸಿ ತೋರಿಸಿದ. ಒಳಗಿನ ಹಬೆ ಸರಾಗವಾಗಿ ಹೊರಗೆ ಹೋಗುತ್ತಿತ್ತು, ಮಳೆಯ ಒಂದು ಹನಿಯೂ ಒಳಗೆ ಬರುತ್ತಿರಲಿಲ್ಲ. ವಾಪಸ್ ಕೊಡಲು ಅವನ ಅಭ್ಯಂತರವಿಲ್ಲ, ಆದರೆ ಮಳೆಗಾಲ ಮುಗಿಯುವವರೆಗೆ ಬಿಚ್ಚುವಂತಿಲ್ಲ. ಆ ಕಿಂಡಿಗಳನ್ನು ತೆರೆದಿಟ್ಟರೆ ಎರಚಲು ಒಳಗೆ ಹೊಡೆದು ಬಚ್ಚಲಿನ ಸ್ವಿಚ್ಚಿಗೆ ನೀರು ಹೋಗುತ್ತದಂತೆ.