ಬೆನ್ನ ಮೇಲೆ 11, ಕೈಯಲ್ಲಿ ಕಪ್ ಇಲ್ಲ

ಬೇಸ್‌ಬಾಲ್‌ನಲ್ಲಿ ಕೋಚ್ ಕೂಡ ಹುಡುಗರ ಹಾಗೇ ಯೂನಿಫಾರ್ಮ್ ಹಾಕಿಕೊಂಡು, ಬೆಲ್ಟ್ ಬಿಗಿದು, ಬೆನ್ನ ಮೇಲೆ ನಂಬರ್ ಹೊತ್ತು ನಿಂತಿರುತ್ತಾರೆ. ಕ್ರಿಕೆಟ್ ನೋಡಿ ಬೆಳೆದ ನನಗೆ ಮೊದಲ ದಿನ ಅದನ್ನು ನೋಡಿ ನಗು ಬಂದಿತ್ತು. 2010ರ ಮಾರ್ಚ್ ತಿಂಗಳು, ಫ್ಲಾರಿಡಾದ ಟ್ಯಾಲಹಾಸಿ. ಓದಲು ಅಂತ ಹೋಗಿ ಎರಡು ತಿಂಗಳಾಗಿತ್ತು. ರೂಮ್‌ಮೇಟ್ ಒಬ್ಬ "ಬಾ, ಸುಮ್ನೆ ಕೂತು ಏನು ಮಾಡ್ತೀಯ" ಅಂತ ಕಾಲೇಜಿನ ಬೇಸ್‌ಬಾಲ್ ಪಂದ್ಯಕ್ಕೆ ಎಳೆದುಕೊಂಡು ಹೋದ. ದಾರಿಯಲ್ಲಿ ರಸ್ತೆ ಬದಿ ಒಬ್ಬರು ದೊಡ್ಡ ಪಾತ್ರೆಯಲ್ಲಿ ಕಡಲೆಕಾಯಿ ಬೇಯಿಸಿ ಮಾರುತ್ತಿದ್ದರು, ಅದೇ ಉಪ್ಪು ನೀರು, ಅದೇ ಸಿಪ್ಪೆ! ಬಸವನಗುಡಿ ಪರಿಷೆ ನೆನಪಾಗಿ ಎರಡು ಪೊಟ್ಟಣ ತಗೊಂಡೆ. ನಿಜ ಹೇಳಬೇಕೆಂದರೆ ಆ ದಿನ ಆಟಕ್ಕಿಂತ ಕಡಲೆಕಾಯಿಯೇ ಜಾಸ್ತಿ ಅರ್ಥವಾಯಿತು.

ಆಗ ಕಂಡವರೇ ಆ ತಂಡದ ಕೋಚ್ ಮೈಕ್ ಮಾರ್ಟಿನ್. 66 ವರ್ಷ, ಬೆನ್ನ ಮೇಲೆ 11. ಊರಿನವರು ಅವರನ್ನು 'ಇಲೆವೆನ್' ಅಂತಲೇ ಕರೆಯುತ್ತಿದ್ದರು. ಹೆಸರೇ ಬೇಕಾಗಿರಲಿಲ್ಲ.

ಇವತ್ತು ಇದನ್ನೆಲ್ಲ ಬರೆಯಲು ಕಾರಣ ಆಫೀಸಿನಲ್ಲಿ ನಡೆದ ಒಂದು ಜಗಳ. ಕೋಚ್‌ಗಳ ಮಾತು ಬಂತು, ನಾನು ಇವರ ಹೆಸರು ಹೇಳಿದೆ, ಗೆಳೆಯ ಫೋನಿನಲ್ಲಿ ನೋಡಿ "40 ವರ್ಷ ಇದ್ದೂ ಒಂದು ಕಪ್ ಇಲ್ವಲ್ಲ ಗುರು" ಅಂದ. ಮಾತು ನಿಜ. ಆದರೆ ಹೇಳಿದ ರೀತಿಗೆ ಮೈಯೆಲ್ಲ ಉರಿಯಿತು.

ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಮಾರ್ಟಿನ್ 1980ರಿಂದ 2019ರವರೆಗೆ ಮುಖ್ಯ ಕೋಚ್. ಗೆದ್ದ ಪಂದ್ಯ 2,029. ಸೋತದ್ದು 736. ಅಮೆರಿಕದ ಕಾಲೇಜು ಬೇಸ್‌ಬಾಲ್‌ನ ಮೇಲಿನ ದರ್ಜೆಯಲ್ಲಿ ಇಷ್ಟು ಗೆದ್ದವರು ಬೇರೆ ಯಾರೂ ಇಲ್ಲ. 40 ಸೀಸನ್, ಪ್ರತಿಯೊಂದರಲ್ಲೂ ಕನಿಷ್ಠ 40 ಗೆಲುವು. ಒಂದು ವರ್ಷವೂ ತಪ್ಪಿಲ್ಲ. ನಾಲ್ಕಕ್ಕೆ ಮೂರರಷ್ಟು ಪಂದ್ಯ ಗೆಲ್ಲುವುದು ಬೇಸ್‌ಬಾಲ್‌ನಲ್ಲಿ ಹುಡುಗಾಟವಲ್ಲ. ದುಡ್ಡಿನ ಲೀಗ್‌ನ ದೊಡ್ಡ ತಂಡಗಳೇ ಮೂರು ಆಡಿ ಎರಡು ಗೆದ್ದರೆ ಆ ವರ್ಷ ಹಬ್ಬ.

ಅದಕ್ಕಿಂತ ಮುಖ್ಯ, ಕಾಲೇಜು ತಂಡ ಅಂದರೆ ಸೋರುವ ಬಿಂದಿಗೆ. ಹುಡುಗ 18ಕ್ಕೆ ಬರುತ್ತಾನೆ. ತಿದ್ದಿ ತೀಡಿ ಅವನೊಬ್ಬ ಆಟಗಾರ ಅನಿಸಿಕೊಳ್ಳುವ ಹೊತ್ತಿಗೆ, ಮೂರನೇ ವರ್ಷ ಮುಗಿಯುತ್ತಿದ್ದ ಹಾಗೆ, ವೃತ್ತಿಪರ ತಂಡಗಳು ಡ್ರಾಫ್ಟ್‌ನಲ್ಲಿ, ಅಂದರೆ ಸರದಿಯ ಮೇಲೆ ಹುಡುಗರನ್ನು ಆರಿಸಿಕೊಳ್ಳುವಾಗ, ಎತ್ತಿಕೊಂಡು ಹೋಗುತ್ತವೆ. ಮತ್ತೆ ಮೊದಲಿನಿಂದ ಶುರು. ಸ್ಕಾಲರ್‌ಶಿಪ್ ಕಥೆ ಇನ್ನೂ ಮಜಾ. ಬಹಳ ವರ್ಷ ಇಡೀ ತಂಡಕ್ಕೆ ಇದ್ದದ್ದು 11.7 ಸ್ಕಾಲರ್‌ಶಿಪ್ ಮಾತ್ರ. (ಪಾಯಿಂಟ್ ಏಳು ಹುಡುಗ ಹೇಗಿರ್ತಾನೋ ಗೊತ್ತಿಲ್ಲ.) ಅದನ್ನೇ ಕಾಲು, ಅರ್ಧ ಅಂತ ಹರಿದು ಹಂಚಬೇಕಿತ್ತು. ಒಬ್ಬರ ಮನೆಗೆ ಹೋಗಿ "ನಿಮ್ಮ ಮಗನಿಗೆ ಮೂರನೇ ಒಂದು ಭಾಗ ಕೊಡ್ತೀವಿ, ಉಳಿದದ್ದು ನೀವು ಕಟ್ಕೊಳ್ಳಿ" ಅಂತ ಒಪ್ಪಿಸಿ ಕರೆತರುವುದು, ಅದೂ ವರ್ಷ ವರ್ಷ. ಇಂಥ ಕೆಲಸವನ್ನು 40 ವರ್ಷ ಮಾಡಿದ ಮನುಷ್ಯ ಇವರು.

ಮೊದಲು ಅವರು ಅದೇ ಊರಿನ ಕಮ್ಯುನಿಟಿ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿದ್ದರು. 1979ರಲ್ಲಿ ಡಿಕ್ ಹೌಸರ್ ಅನ್ನುವವರು ಫ್ಲಾರಿಡಾ ಸ್ಟೇಟ್ ಬೇಸ್‌ಬಾಲ್ ತಂಡಕ್ಕೆ ಕೋಚ್ ಆಗಿ ಬಂದರು. ಒಂದೇ ಸೀಸನ್. ವೃತ್ತಿಪರ ತಂಡ ನ್ಯೂಯಾರ್ಕ್ ಯಾಂಕೀಸ್ ಕರೆಯಿತು, ಹೊರಟೇಬಿಟ್ಟರು. ಮುಂದೆ 1985ರಲ್ಲಿ ಕಾನ್ಸಾಸ್ ಸಿಟಿ ತಂಡಕ್ಕೆ ವರ್ಲ್ಡ್ ಸೀರೀಸ್, ಅಂದರೆ ವೃತ್ತಿಪರ ಬೇಸ್‌ಬಾಲ್‌ನ ಕಪ್, ಗೆಲ್ಲಿಸಿಕೊಟ್ಟರು. ಸಹಾಯಕರಾಗಿದ್ದ ಮಾರ್ಟಿನ್‌ಗೆ ಖಾಲಿ ಕುರ್ಚಿ ಸಿಕ್ಕಿತು. ಒಂದು ವರ್ಷ ಇದ್ದು ಹೋದವರ ಹೆಸರು ಇವತ್ತು ಸ್ಟೇಡಿಯಂಗೆ ಇದೆ, 40 ವರ್ಷ ಇದ್ದವರ ಹೆಸರು ಅದರೊಳಗಿನ ಮೈದಾನಕ್ಕೆ. ಹುಲ್ಲು ಮಣ್ಣು ಇವರದು, ಗೋಡೆ ಅವರದು.

ನಾನು ಎರಡು ವರ್ಷ ತಡವಾಗಿ ಹೋಗಿ ತಪ್ಪಿಸಿಕೊಂಡ ಪಂದ್ಯವೊಂದಿದೆ, ಈಗಲೂ ಹೊಟ್ಟೆ ಉರಿಯುತ್ತದೆ. ಬಸ್ಟರ್ ಪೋಸಿ ಅನ್ನುವ ಹುಡುಗ 2006ರಲ್ಲಿ ಬಂದಾಗ ಶಾರ್ಟ್‌ಸ್ಟಾಪ್, ಅಂದರೆ ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವವನು. ಮರುವರ್ಷ ಅವನನ್ನು ಕ್ಯಾಚರ್ ಮಾಡಿದರು. ನಮ್ಮ ಲೆಕ್ಕದಲ್ಲಿ ಒಳ್ಳೆ ಪಾಯಿಂಟ್ ಫೀಲ್ಡರ್‌ಗೆ ಗ್ಲೌಸ್ ಕೊಟ್ಟು ವಿಕೆಟ್ ಹಿಂದೆ ಕೂರಿಸಿದ ಹಾಗೆ. 2008ರ ಮೇನಲ್ಲಿ ಸವಾನಾ ಸ್ಟೇಟ್ ವಿರುದ್ಧ ಒಂದೇ ಪಂದ್ಯದಲ್ಲಿ ಅವನನ್ನು ಒಂಬತ್ತು ಜಾಗದಲ್ಲೂ ಆಡಿಸಿದರು, ಪಿಚಿಂಗ್ (ನಮ್ಮ ಬೌಲಿಂಗ್ ಇದ್ದ ಹಾಗೆ) ಕೂಡ. ಅದರ ಮಧ್ಯೆ ಹುಡುಗ ಗ್ರ್ಯಾಂಡ್ ಸ್ಲ್ಯಾಮ್ ಬೇರೆ ಬಾರಿಸಿದ, ಮೂರು ಬೇಸ್‌ನಲ್ಲೂ ಜನ ಇದ್ದಾಗ ಹೋಮ್ ರನ್, ಒಂದೇ ಏಟಿಗೆ ನಾಲ್ಕು. 64ರ ಕೋಚ್ ಇಂಥ ತುಂಟಾಟಕ್ಕೆ ಹೂಂ ಅಂದರಲ್ಲ, ಅದು ನನಗೆ ಇಷ್ಟ. ಪೋಸಿ ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಸೇರಿ 2010, 2012, 2014ರಲ್ಲಿ ಮೂರು ವರ್ಲ್ಡ್ ಸೀರೀಸ್ ಗೆದ್ದ. ಕೋಚ್‌ಗೆ ಸಿಗದ್ದು ಶಿಷ್ಯನಿಗೆ ಸಿಕ್ಕಿತು ಅಂತ ಕಣ್ಣೀರು ಹಾಕಬೇಡಿ, ಅದೇ ಬೇರೆ ಕಪ್, ಇದೇ ಬೇರೆ ಕಪ್.

ಈಗ ಆ ಕಪ್ ವಿಷಯ. ಜೂನ್‌ನಲ್ಲಿ ಎಂಟು ತಂಡ ನೆಬ್ರಾಸ್ಕಾದ ಓಮಾಹಾಗೆ ಹೋಗುತ್ತವೆ, ಅದೇ ಕಾಲೇಜ್ ವರ್ಲ್ಡ್ ಸೀರೀಸ್. ಎರಡು ಸಲ ಸೋತರೆ ಗಂಟುಮೂಟೆ ಕಟ್ಟಬೇಕು. ಕೋಚ್ ಆಗಿ ಮಾರ್ಟಿನ್ 17 ಸಲ ಹೋದರು. 1986ರ ಫೈನಲ್‌ನಲ್ಲಿ ಅರಿಜೋನಾ 10-2ರಲ್ಲಿ ಬಡಿಯಿತು, ಅದು ಬಿಡಿ. 1999ರ ಫೈನಲ್ ನೋವಿನದು. ಮಯಾಮಿ 6, ಫ್ಲಾರಿಡಾ ಸ್ಟೇಟ್ 5. ಒಂದೇ ರನ್. ನಾನಿದ್ದಾಗ 2010ರಲ್ಲೂ 2012ರಲ್ಲೂ ಹೋದರು. ಎರಡು ಸಲವೂ ಬರಿಗೈ.

ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ಎಂಟೂ ತಂಡ ಸಮಬಲ ಅಂತಿಟ್ಟುಕೊಳ್ಳಿ, ಪ್ರತಿ ಸಲ ಗೆಲ್ಲುವ ಸಾಧ್ಯತೆ ಎಂಟರಲ್ಲಿ ಒಂದು. 17 ಸಲ ಹೋಗಿ 17 ಸಲವೂ ಬರಿಗೈಯಲ್ಲಿ ಬರುವ ಸಾಧ್ಯತೆ ಸುಮಾರು ನೂರಕ್ಕೆ ಹತ್ತು. ಅಂದರೆ ಇಂಥ ಹತ್ತು ಕೋಚ್‌ಗಳಿದ್ದರೆ ಒಬ್ಬರ ಹಣೆಬರಹ ಹೀಗೇ ಆಗುತ್ತದೆ. ಶಾಪವೂ ಇಲ್ಲ, ಎದೆಗಾರಿಕೆ ಇಲ್ಲ ಅನ್ನುವ ಮಾತೂ ಬೇಡ. ಇನ್ನೊಂದು ಕಡೆ ಆಗೀ ಗರಿಡೋ ಅನ್ನುವ ಕೋಚ್ 1,975 ಗೆಲುವಿನ ಜೊತೆ ಐದು ಕಪ್ ಎತ್ತಿದ್ದಾರೆ. ಆ ಗೆಲುವಿನ ದಾಖಲೆಯನ್ನು ಮಾರ್ಟಿನ್ 2018ರ ಮೇನಲ್ಲಿ ಮುರಿದರು, ಗರಿಡೋ ತೀರಿಕೊಂಡು ಇನ್ನೂ ಎರಡು ತಿಂಗಳಾಗಿರಲಿಲ್ಲ. ಐದಕ್ಕೆ ಸೊನ್ನೆ ಅನ್ನುವುದೂ ಸತ್ಯ. ಹಾಗಾಗಿ "ಕಪ್ ಮುಖ್ಯವಲ್ಲ, ಮನುಷ್ಯ ಮುಖ್ಯ" ಅಂತ ಸಮಾಧಾನ ಹೇಳುವವರ ಮೇಲೂ ನನಗೆ ಸಿಟ್ಟಿದೆ. ಮುಖ್ಯವಲ್ಲದಿದ್ದರೆ 17 ಸಲ ಯಾಕೆ ಹೋಗ್ತಾರೆ? ಅವರಿಗೆ ಕಪ್ ಬೇಕಿತ್ತು, ಸಿಗಲಿಲ್ಲ. ಅಷ್ಟನ್ನು ಅಷ್ಟೇ ಅಂತ ಹೇಳೋಣ, ಬೆಲ್ಲ ಸವರುವುದು ಬೇಡ.

2018ರಲ್ಲಿ ಓಮಾಹಾ ಮುಟ್ಟುವ ಮೊದಲೇ, ಟೂರ್ನಮೆಂಟ್‌ನ ಮೊದಲ ಸುತ್ತಿನಲ್ಲಿ, ಸ್ವಂತ ಮೈದಾನದಲ್ಲೇ ಎರಡು ಪಂದ್ಯ ಸೋತು ಹೊರಬಿದ್ದರು. ಇನ್ನೊಂದೇ ವರ್ಷ ಅಂದರು. 2019ರ ತಂಡ ಕುಂಟುತ್ತಾ ಹೇಗೋ ಟೂರ್ನಮೆಂಟ್‌ಗೆ ಜಾಗ ಗಿಟ್ಟಿಸಿತು. ಆಮೇಲೆ ನೋಡಿ, ಜಾರ್ಜಿಯಾಗೆ ಹೋಗಿ ಜಾರ್ಜಿಯಾವನ್ನೇ ಸೋಲಿಸಿದರು, ಲೂಸಿಯಾನಾಗೆ ಹೋಗಿ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ತಂಡವನ್ನು ಎರಡಕ್ಕೆರಡು ಸೋಲಿಸಿದರು. 75ರ ಅಜ್ಜ ಮತ್ತೆ ಓಮಾಹಾದಲ್ಲಿ, ಅದೇ 11. ನಾನು ಆಗ ಬೆಂಗಳೂರಿಗೆ ವಾಪಸ್ ಬಂದಿದ್ದೆ. ಲ್ಯಾಪ್‌ಟಾಪ್‌ನಲ್ಲಿ ಕದ್ದು ನೋಡುತ್ತಿದ್ದೆ, ಅಮ್ಮ "ಏನೋ ಅದು, ಕೋಲಲ್ಲಿ ಹೊಡೆಯೋದು" ಅಂತ ಕೇಳಿದರು. ಆರ್ಕನ್ಸಾಸ್ ವಿರುದ್ಧ 1-0. ಅದೇ 2,029ನೆಯದು, ಕೊನೆಯ ಗೆಲುವು. ಆಮೇಲೆ ಮಿಷಿಗನ್ ವಿರುದ್ಧ 2-0, ಟೆಕ್ಸಾಸ್ ಟೆಕ್ ವಿರುದ್ಧ 4-1 ಸೋಲು. ಮುಗಿಯಿತು.

ಮುಂದಿನ ಕೋಚ್ ಅವರ ಮಗ, ಮೈಕ್ ಮಾರ್ಟಿನ್ ಜೂನಿಯರ್. ಮೂರು ಸೀಸನ್‌ಗೆ ಕೆಲಸ ಹೋಯಿತು. ಅಪ್ಪನ ಹೆಸರು ಮೈದಾನಕ್ಕಿದ್ದರೂ ಯಾರೂ ಮುಲಾಜು ನೋಡಲಿಲ್ಲ. ಮಾರ್ಟಿನ್ 2024ರ ಫೆಬ್ರುವರಿ 1ರಂದು ತೀರಿಕೊಂಡರು, ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಇತ್ತು. ಅದೇ ಜೂನ್‌ನಲ್ಲಿ, ಅವರ ಕೈಕೆಳಗೆ ಶಾರ್ಟ್‌ಸ್ಟಾಪ್ ಆಗಿ ಆಡಿದ್ದ ಲಿಂಕ್ ಜಾರೆಟ್ ಕೋಚ್ ಆಗಿ ತಂಡವನ್ನು ಮತ್ತೆ ಓಮಾಹಾಗೆ ಕರೆದೊಯ್ದರು. ಟೆನೆಸಿ ಎದುರು ಸೋತರು.

ಕಳೆದ ವರ್ಷ ಅಂತಲ್ಲ, 2025ರ ಜೂನ್ 3ರ ರಾತ್ರಿ ಅಂತಲೇ ಹೇಳ್ತೀನಿ, ಆ ತಾರೀಖು ನಮಗ್ಯಾರಿಗೂ ಮರೆಯಲ್ಲ ಅಲ್ವಾ. ಆರ್‌ಸಿಬಿ ಕಪ್ ಎತ್ತಿದ ಫೋಟೋವನ್ನು ಆ ಹಳೆ ರೂಮ್‌ಮೇಟ್‌ಗೆ ಕಳಿಸಿದೆ, 18 ವರ್ಷ ಕಾದಿದ್ದೀವಿ ಅಂತ ದೊಡ್ಡದಾಗಿ ಬರೆದೆ. ಅವನ ಉತ್ತರ ಬಂತು: "ಬರೀ 18? ಕಾಲೇಜಿನ ಲೆಕ್ಕದಲ್ಲಿ ನಾವು ಓಮಾಹಾಗೆ 24 ಸಲ ಹೋಗಿದ್ದೀವಿ." ಅದರ ಕೆಳಗೆ, ನಾನು 2010ರಲ್ಲಿ ಕಡಲೆಕಾಯಿ ಸುಲಿಯುತ್ತಾ ಹೇಳಿಕೊಟ್ಟಿದ್ದ ಒಂದೇ ಒಂದು ಕನ್ನಡ ಪದ, ತಪ್ಪು ತಪ್ಪು ಕಾಗುಣಿತದಲ್ಲಿ: "ನಮ್ದೇ."