ಗೋಡೆಯ ಮೇಲಿನ ಕ್ಲಾಡಿಯಸ್

ರೋಮನ್ನರ ಕಾಲದ ಊರುಗಳಲ್ಲಿ ಆ ಹಳೇ ಇತಿಹಾಸವನ್ನು ಗೋಡೆ ಮೇಲೆ ಚಿತ್ರವಾಗಿ ಬರೆಯೋದು ಸುಮ್ನೆ ಟೂರಿಸ್ಟ್ ಆಕರ್ಷಣೆ ಅಂತ ಒಂದು ಲೇಖನದಲ್ಲಿ ಓದಿದೆ. ನಾನು ಒಪ್ಪಲ್ಲ. ಫ್ರಾನ್ಸಿನ ಲಿಯೋನ್ ನೋಡಿ. ಅಲ್ಲಿ ಸೋನ್ ನದಿ ಹತ್ತಿರ ಒಂದು ಕಟ್ಟಡದ ಗೋಡೆ ತುಂಬಾ ಊರಿನ ಪ್ರಸಿದ್ಧರನ್ನು ಬರೆದಿದ್ದಾರೆ, ಸಿತೇಕ್ರೆಯಾಸಿಯೋಂ ತಂಡದ ಕೆಲಸ, 1990ರ ದಶಕದ್ದು. ಬಾಲ್ಕನಿಯೂ ಬಣ್ಣವೇ, ಕಿಟಕಿಯೂ ಬಣ್ಣವೇ. ಸಿನಿಮಾದ ಲೂಮಿಯೆರ್ ಸಹೋದರರು, ಅಡುಗೆಯ ಪಾಲ್ ಬೊಕ್ಯೂಸ್ ಇರುವ ಗೋಡೆಯಲ್ಲೇ ರೋಮ್ ಚಕ್ರವರ್ತಿ ಕ್ಲಾಡಿಯಸ್ ಕೂಡ ಇದ್ದಾನೆ! ಯಾಕಂದ್ರೆ ಅವನು ಹುಟ್ಟಿದ್ದೇ ಅಲ್ಲಿ, ಕ್ರಿ.ಪೂ. 10ರಲ್ಲಿ, ಆಗ ಊರಿನ ಹೆಸರು ಲುಗ್ದುನುಮ್.

ಕಾಲು ಕುಂಟು, ಮಾತು ತೊದಲು, ಮನೆಯವರೇ ಅವನನ್ನು ಲೆಕ್ಕಕ್ಕೆ ತಗೊಂಡಿರಲಿಲ್ಲ. ಅಂಥವನು ಕ್ರಿ.ಶ. 48ರಲ್ಲಿ ರೋಮ್‌ನ ಹಿರಿಯರ ಸಭೆಯಾದ ಸೆನೆಟ್ ಮುಂದೆ ನಿಂತು, ಗಾಲ್ (ಈಗಿನ ಫ್ರಾನ್ಸ್ ಕಡೆಯ) ಪ್ರಾಂತ್ಯದ ಮುಖಂಡರಿಗೂ ಇಲ್ಲಿ ಜಾಗ ಕೊಡಿ ಅಂತ ವಾದಿಸಿದ. ಆ ಭಾಷಣ ಕೆತ್ತಿದ ಕಂಚಿನ ಫಲಕ 1528ರಲ್ಲಿ ಲಿಯೋನ್‌ನಲ್ಲೇ ನೆಲದಡಿ ಸಿಕ್ಕಿತು, ಈಗ ಅಲ್ಲಿನ ಮ್ಯೂಸಿಯಂನಲ್ಲಿದೆ. ಆದರೆ ಲ್ಯಾಟಿನ್ ಫಲಕ ಓದೋಕೆ ಎಷ್ಟು ಜನ ಟಿಕೆಟ್ ತಗೊಂಡು ಒಳಗೆ ಹೋಗ್ತಾರೆ ಹೇಳಿ? ಗೋಡೆ ಹಾಗಲ್ಲ ಅಲ್ವಾ, ತರಕಾರಿ ಚೀಲ ಹಿಡಿದು ಹೋಗೋರಿಗೂ ಕಾಣುತ್ತೆ. ಒಂದೇ ತಕರಾರು: ಯಾವ ಚಿತ್ರ ಯಾರದ್ದು ಅಂತ ಗೊತ್ತಿಲ್ಲದಿದ್ದರೆ ಕ್ಲಾಡಿಯಸ್ ಸುಮ್ನೆ ಬಟ್ಟೆ ಸುತ್ತಿಕೊಂಡ ಯಾರೋ ಒಬ್ಬ ಅಷ್ಟೇ.