ಮಂಚದ ಕೆಳಗಿನ ಬೋಗುಣಿ

ನಮ್ಮ ಕೊಪ್ಪಳದ ಕಡೆ ಮರದ ಕೆಲಸ ಅಂದ್ರೆ ಎಲ್ಲರಿಗೂ ಕಿನ್ನಾಳದ ಗೊಂಬೆಯೇ ನೆನಪಾಗೋದು. ಅದಕ್ಕೆ ಹಗುರ ಮರ, ಕೈಕೆತ್ತನೆ. ನಾನು ಹಿಡಿದದ್ದು ಹುಣಸೆ ಮರ, ಅದೂ ಲೇತ್ ಮೇಲೆ, ಅಂದ್ರೆ ಮರವನ್ನು ಗರಗರ ತಿರುಗಿಸುವ ಯಂತ್ರದ ಮೇಲೆ. ರೊಟ್ಟಿ ಹಿಟ್ಟು ನಾದೋಕೆ ಅವ್ವನಿಗೊಂದು 16 ಇಂಚಿನ ಬೋಗುಣಿ ಮಾಡಿಕೊಡುವ ಹುಚ್ಚು.

ಗಾಳಿಗೆ ಬಿದ್ದ ಮರದ್ದೊಂದು ತುಂಡು ಸಿಕ್ಕಿತ್ತು. ಹುಣಸೆ ಮರದಲ್ಲಿ ದೆವ್ವ ಇರ್ತಾವೆ ಅಂತಾರಲ್ಲ, ಅರ್ಧ ದಿಮ್ಮಿಯನ್ನು ಲೇತಿಗೆ ಬಿಗಿದು ಸ್ವಿಚ್ ಹಾಕಿದಾಗ ನನಗೂ ಹಾಗೇ ಅನ್ನಿಸಿತು. ಒಂದು ಕಡೆ ಭಾರ ಜಾಸ್ತಿ, ಇಡೀ ಲೇತ್ ಗಡಗಡ ಕುಣಿಯಿತು. ನಿಧಾನ ತಿರುಗಿಸಿ, ಮೂಲೆಗಳನ್ನೆಲ್ಲ ತೆಗೆದು ಗುಂಡಗೆ ಮಾಡುವವರೆಗೆ ಅದರ ಎದುರು ನಿಲ್ಲಲಿಲ್ಲ, ಪಕ್ಕಕ್ಕೇ ನಿಂತೆ.

ಆಮೇಲೆ ಸುಖ. ಉಳಿಯ ಬೆನ್ನನ್ನು ಮೊದಲು ಮರಕ್ಕೆ ತಾಗಿಸಬೇಕು. ಹಿಡಿಕೆಯನ್ನು ಒಂಚೂರು ಎತ್ತಿದರೆ ಉಳಿಯ ಬಾಯಿ ಮರವನ್ನು ಕಚ್ಚುತ್ತದೆ. ಹಸಿ ಮರದ ಹೊಟ್ಟು ಶಾವಿಗೆಯಂತೆ ಉದ್ದುದ್ದ ಬಂದು ಮೊಳಕೈ ಮೇಲೆ ಬೀಳುತ್ತದೆ, ತಣ್ಣಗೆ. ನಿಮಿಷಕ್ಕೆ 450 ಸುತ್ತು ತಿರುಗಿದರೆ ಅಂಚು ಗಂಟೆಗೆ ಸುಮಾರು 34 ಕಿಲೋಮೀಟರ್ ಓಡುತ್ತದೆ. ನಮ್ಮೂರ ಟಂಟಂ ಗಾಡಿಯ ಓಟ! ಅದೇ ಹೊತ್ತಿಗೆ ನಟ್ಟನಡುವಿನ ಚುಕ್ಕೆ ಎಲ್ಲಿಗೂ ಹೋಗಿರುವುದಿಲ್ಲ. ಕರೆಂಟ್ ಹೋದಾಗ ಇನ್ನೂ ಚೆಂದ. ಮೋಟರಿನ ಸದ್ದು ನಿಂತು, ಬೋಗುಣಿ ಮಾತ್ರ ಸುಮ್ನೆ ತಿರುಗುತ್ತಾ ತಿರುಗುತ್ತಾ, ಹುಣಸೆಯ ಕಪ್ಪು ತಿರುಳಿನ ಗೆರೆಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ.

ಅವಸರ ಮಾಡಿದೆ. ಒಂದೇ ದಿನಕ್ಕೆ ತೆಳ್ಳಗೆ ಕೊರೆದು ಮುಗಿಸಿ, ಒಣಗಲಿ ಅಂತ ಮಾಳಿಗೆ ಮೇಲೆ ಇಟ್ಟೆ. ಏಪ್ರಿಲ್ ತಿಂಗಳ ಕೊಪ್ಪಳದ ಬಿಸಿಲು ಗೊತ್ತಲ್ಲ. ಸಂಜೆಗೆ 'ಟಪ್' ಅಂದಿತು. ಅಂಚಿನಿಂದ ತಳದವರೆಗೆ ಬಿರುಕು.

"ಅದರಾಗ ನೀರು ನಿಲ್ಲಂಗಿಲ್ಲ, ಹಿಟ್ಟು ನಿಲ್ಲಂಗಿಲ್ಲ. ಉಳ್ಳಾಗಡ್ಡಿ ಇಡ್ತೀನಿ ಬಿಡು," ಅಂದಳು ಅವ್ವ.

ಮರ ಎಲ್ಲ ಕಡೆ ಒಂದೇ ಸಮ ಕುಗ್ಗುವುದಿಲ್ಲ. ವರ್ಷದ ಬಳೆಗಳ ಗುಂಟ ಕುಗ್ಗುವುದು, ನಡುವಿನಿಂದ ತೊಗಟೆಯ ಕಡೆ ಕುಗ್ಗುವುದರ ಸುಮಾರು ಎರಡು ಪಟ್ಟು. ಹಾಗಾಗಿ ಎಷ್ಟೇ ಗುಂಡಗೆ ಕೊರೆದರೂ ಒಣಗಿದ ಮೇಲೆ ಮೊಟ್ಟೆಯಾಕಾರ. ದಪ್ಪಗೆ, ಒಂದೂವರೆ ಇಂಚು ಬಿಟ್ಟು ಕೊರೆದು, ತಿಂಗಳುಗಟ್ಟಲೆ ನೆರಳಲ್ಲಿಟ್ಟು, ಸೊಟ್ಟಗಾಗುವಷ್ಟು ಸೊಟ್ಟಗಾಗಲು ಬಿಟ್ಟು, ಮತ್ತೆ ಲೇತಿಗೆ ಏರಿಸಬೇಕು. ಆಗ ಗುಂಡಗೆ ಕೊರೆಯಲು ದಪ್ಪ ಉಳಿದಿರುತ್ತದೆ. ಕೊನೆಗೆ ಅಗಸೆ ಎಣ್ಣೆ ಸವರೋದು. ಶೇಂಗಾ ಎಣ್ಣೆ ಒಣಗೋದೇ ಇಲ್ಲ, ಕಮಟು ವಾಸನೆ ಬರುತ್ತದೆ. ಅಗಸೆಯದು ಒಣಗಿ ಗಟ್ಟಿಯಾಗುತ್ತದೆ.

ಎರಡನೆಯ ಬೋಗುಣಿಗೆ, ಬೇಗ ಒಣಗಿ ಬಿರಿಯದಿರಲಿ ಅಂತ, ಮರದ ಎಳೆ ಕಡಿದ ತುದಿಗಳಲ್ಲಿ ಮೇಣ ಹಚ್ಚಿ, ಹಳೆ ಪೇಪರು ಸುತ್ತಿ ಮಂಚದ ಕೆಳಗೆ ಇಟ್ಟಿದ್ದೇನೆ. ಐದು ತಿಂಗಳಾಯಿತು. ಕಸ ಗುಡಿಸುವಾಗ ಅವ್ವ ದಿನಾ ಅದನ್ನು ಪೊರಕೆಯಿಂದ ಆಚೆ ತಳ್ಳುತ್ತಾಳೆ.

"ಇದು ಯಾವಾಗ ಮುಗೀತೈತೋ?"

"ಒಣಗಾಕತ್ತೈತಿ ಬೇ."

ಉಳ್ಳಾಗಡ್ಡಿ ಮಾತ್ರ ಮೊದಲನೆಯದರಲ್ಲಿ ಕೆಡದೆ ಇವೆ. ಬಿರುಕಿನಿಂದ ಗಾಳಿ ಆಡುತ್ತದಂತೆ.